ಎಡಕ್ಕೆ ನಿಂತರೆ ಕಳೆ

ಕರಾರಾದ ಆ ಕಲ್ಲುಕೊಟ್ಟಿಗೆಯಲ್ಲಿ ಮೊದಲ ಮೂರು ತಿಂಗಳು
ಉಲ್ಡೆರಿಕೊ ನನ್ನ ಕೈಗೆ ಉಳಿ ಕೊಡಲಿಲ್ಲ.
ಪೊರಕೆ ಕೊಟ್ಟ. ಆಮೇಲೊಂದು ಇದ್ದಿಲ ಚೂರು.
ಹಲಗೆಯ ಮೇಲೆ ಗೀಟೆಳೆ, ಅಂದ.
ಒಂದು, ಎರಡು, ಮೂರು. ಸಾಕು ನಿಲ್ಲಿಸು.
ನಾಲ್ಕನೆಯದಕ್ಕೆ ಕಣ್ಣು ತಡವರಿಸುತ್ತದೆ,
ಅದಕ್ಕೇ ಐದಕ್ಕೊಂದು ಅಂಗೈ:
ಹೆಬ್ಬೆರಳು ಬಿಚ್ಚಿ ಹಿಡಿ ನೋಡು, V.
ಎರಡು ಅಂಗೈ, ಒಂದು ತಲೆಕೆಳಗು, X.
(ನಿಜವೋ, ಅವನೇ ಕಟ್ಟಿದ್ದೋ,
ಕೇಳಿದರೆ ಮೀಸೆಯ ಬಿಳಿ ಧೂಳು ಒರೆಸುತ್ತಿದ್ದ.)

ಐವತ್ತು L, ನೂರು C, ಐನೂರು D, ಸಾವಿರ M.
ಒಟ್ಟು ಏಳೇ ಅಕ್ಷರ.
ಚಿಕ್ಕದು ದೊಡ್ಡದರ ಬಲಕ್ಕೆ ನಿಂತರೆ ಕೂಡು,
ಎಡಕ್ಕೆ ನಿಂತರೆ ಕಳೆ.
ತೊಂಬತ್ತೊಂಬತ್ತು ಬರಿ ಅಂದಾಗ
ನಾನು ಜಾಣನಾಗಿ ನೂರರ ಎಡಕ್ಕೆ ಒಂದು ಗೀಟು ನಿಲ್ಲಿಸಿದೆ.
ಕೊಡತಿಯ ಹಿಡಿಯಿಂದ ಬೆನ್ನಿಗೊಂದು ಬಿತ್ತು.
ಏಣಿಯ ಮೆಟ್ಟಿಲು ಹಾರಿ ಇಳಿಯುತ್ತಾರೇನೋ?
ತೊಂಬತ್ತು ಮೊದಲು, ಒಂಬತ್ತು ಆಮೇಲೆ: XCIX.

ಹಾಗಾದರೆ ಚರ್ಚಿನ ಗಡಿಯಾರ ಯಾಕೆ
ನಾಲ್ಕಕ್ಕೆ ನಾಲ್ಕು ಗೀಟು ಹಾಕಿಕೊಂಡಿದೆ?
ಅದಕ್ಕೆ ಕಳೆಯೋದನ್ನ ಬೇರೆ ಕಲಿಸಬೇಕೇನೋ,
ಹಗಲೂ ರಾತ್ರಿ ಅದೇ ತಾನೇ ಅದರ ಕೆಲಸ, ಅಂದ.

ಆ ಚಳಿಗಾಲ ಇಸೋಲಿನಾ ಬಂದಳು,
ಮೂವತ್ತು ವರ್ಷ ಬೆಟ್ಟ ಕಡಿದು
ಹಾಸಿಗೆಯಲ್ಲೇ ಪ್ರಾಣ ಬಿಟ್ಟ ಆರ್ಗಾಂತೆಯ ಹೆಂಡತಿ.
ಹೆಸರು ಕಲ್ಲಿನ ಬೆಲೆಯಲ್ಲೇ ಬಂತು,
ಅಂಕಿಗೆ ಮಾತ್ರ ಅಕ್ಷರಕ್ಕೆ ನಲವತ್ತು ಲೀರಾ.
ಗಂಡ ಹುಟ್ಟಿದ್ದು ಹದಿನೆಂಟುನೂರ ಎಂಬತ್ತೆಂಟು:
MDCCCLXXXVIII.
ಹದಿಮೂರು ಅಕ್ಷರ! ಅವಳು ಬೆರಳು ಮಡಿಸಿ ಎರಡು ಸಲ ಎಣಿಸಿದಳು.
ಬದುಕಿದ್ದಾಗಲೂ ಹೀಗೇ, ಒಂದು ಸಲಕ್ಕೆ ಮುಗಿಯುವ ಮನುಷ್ಯನಲ್ಲ.
ಎರಡು ವರ್ಷ ತಡವಾಗಿ ಹುಟ್ಟಿಸೋಕಾಗುತ್ತಾ, ಉಲ್ಡೆರಿಕೊ?
ತೊಂಬತ್ತಾದರೆ ಏಳಕ್ಕೇ ಮುಗಿಯುತ್ತದಂತೆ.

ಅವನು ನಗಲಿಲ್ಲ. ಪೆನ್ಸಿಲನ್ನು ನಾಲಿಗೆಗೆ ತಾಗಿಸಿ
ಸತ್ತ ವರ್ಷ ಬರೆದ: MCMXLIX.
ಇಲ್ಲಿ C, ಇಲ್ಲಿ X, ಇಲ್ಲಿ I,
ಮೂವರೂ ಎಡಕ್ಕೆ ನಿಂತವರು.
ಎಡಕ್ಕೆ ನಿಂತವನು ಬೆಲೆಯನ್ನೂ ಕಳೆಯುತ್ತಾನೆ, ಇಲ್ಲಿನ ಪದ್ಧತಿ ಅದು.
ಇಪ್ಪತ್ತರಲ್ಲಿ ಹದಿನೇಳಕ್ಕೆ ದುಡ್ಡು, ಅದರಲ್ಲಿ ಮತ್ತೆ ಮೂರು ವಜಾ.
ಇಂಥ ಪದ್ಧತಿ ನಾನು ಕೇಳಿದ್ದು ಅಂದೇ.
ದಾನವೆಂದಿದ್ದರೆ ಬಾಗಿಲು ಬಡಿದು ಹೋಗುತ್ತಿದ್ದಳು.
ಲೆಕ್ಕ, ಹಾಗಾಗಿ ಒಪ್ಪಿದಳು,
ಹದಿನಾಲ್ಕು ಅಕ್ಷರದ ದುಡ್ಡು ಮೇಜಿನ ಮೇಲೆ ಎಣಿಸಿಟ್ಟಳು,
ಕೊನೆಯ ನಾಣ್ಯ ಸ್ವಲ್ಪ ಹೊತ್ತು ಬೆರಳಡಿಯಲ್ಲೇ ಇತ್ತು.

ಮಾರ್ಚ್ ತಿಂಗಳಲ್ಲಿ ಲಾರಿ ಓಡಿಸುವ ನೇವಿಯೊ.
ಟೋಪಿ ಕೈಯಲ್ಲಿ. ಕೂರು ಅಂದರೆ ಕೂರಲಿಲ್ಲ.
ಮಗು. ರಾತ್ರಿ ಎಂಟಕ್ಕೆ ಬಂತು, ಬೆಳಗಿನ ಐದಕ್ಕೆ ಹೋಯಿತು.
ಇಸವಿ ಬೇಡ, ಅದು ನಮಗೆ ಮರೆಯುವುದಿಲ್ಲ.
ಬೇರೆಯವರ ಕಲ್ಲಿನ ಮೇಲೆ ಇರುತ್ತದಲ್ಲ,
ಇಷ್ಟು ವರ್ಷ ಬಾಳಿದ ಅಂತ, ಆ ಸಾಲು ಬೇಕು.

ಸೊನ್ನೆ ಬರೆಯೋಣ, ಅಂದುಬಿಟ್ಟೆ ನಾನು. ಶಾಲೆ ಓದಿದವನು.
ಉಲ್ಡೆರಿಕೊ ನನ್ನತ್ತ ತಿರುಗಲೂ ಇಲ್ಲ.
ಈ ಏಳರಲ್ಲಿ ಅದು ಇಲ್ಲ, ಅಂದ, ಟೋಪಿಯನ್ನೇ ನೋಡುತ್ತಾ.
ಹಳಬರು ವರ್ಷವಿಲ್ಲದಿದ್ದರೆ ತಿಂಗಳು ಕೆತ್ತಿದರು,
ತಿಂಗಳಿಲ್ಲದಿದ್ದರೆ ದಿನ,
ದಿನವೂ ತುಂಬದಿದ್ದರೆ ಗಂಟೆ.
ಆಮೇಲೆ ನನ್ನ ಕೈಗೆ ಉಳಿ ಇಟ್ಟ.

ಚಪ್ಪಡಿ ಕೊಯ್ದು ಉಳಿದ ತುಂಡು, ತಟ್ಟೆಯಗಲ.
ಮೊದಲು X, ಎರಡು ಓರೆ ಏಟು.
ಅದರ ಎಡಕ್ಕೆ ಒಂದೇ ಒಂದು ಗೀಟು.
ಅದನ್ನು ಕಡಿಯಲು ನನಗೆ ಮಧ್ಯಾಹ್ನವಿಡೀ ಹಿಡಿಯಿತು,
ಕಲ್ಲು ಬೆಣ್ಣೆಯಂಥದ್ದು, ಆದರೂ.

ನೇವಿಯೊ ದುಡ್ಡು ತೆಗೆದ. ಎಷ್ಟು?
ಹತ್ತಕ್ಕೆ ನಲವತ್ತು ಲೀರಾ.
ಎಡಕ್ಕೊಂದು ನಿಂತಿದೆಯಲ್ಲ, ಅದು ನಲವತ್ತು ಕಳೆಯಿತು.
ಉಲ್ಡೆರಿಕೊ ರಸೀದಿ ಪುಸ್ತಕ ಬಿಚ್ಚಿ,
ಪೆನ್ಸಿಲು ಒತ್ತಿ,
ದುಂಡಗೆ ಒಂದು ಸೊನ್ನೆ ಬರೆದು
ಹರಿದು ಕೊಟ್ಟ.